ಸುಲ್ತಾನನ ಇಬ್ಬರು ತಾಯಂದಿರು

ಕೊಲ್ಹಾಪುರದ ಅಂಬಾಬಾಯಿ ಗುಡಿಯ ಹತ್ತಿರದಲ್ಲೇ ಬಾಬೂಜಮಾಲ್ ದರ್ಗಾ ಇದೆ. ಅದರ ಬಾಗಿಲ ಮೇಲೆ ಗಣಪತಿಯ ಕೆತ್ತನೆ ಇದೆ. ದರ್ಗಾಕ್ಕೆ ಬರುವವರು ಆ ಗಣಪತಿಯ ಕೆಳಗಿಂದಲೇ ಒಳಗೆ ಹೋಗುತ್ತಾರೆ, ಮೊಹರಮ್ಮಿನ ಪಂಜಾಗಳೂ ಅಲ್ಲಿಂದಲೇ ಹೊರಬೀಳುತ್ತವೆ. ಇಚಲಕರಂಜಿಯಿಂದ ಸ್ವಲ್ಪ ದೂರದ ಕುರುಂದವಾಡದಲ್ಲಿ ಚೌತಿ ಬಂತೆಂದರೆ ಮಸೀದಿಗಳ ಒಳಗೇ ಗಣಪತಿಯನ್ನು ಕೂಡಿಸುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಗಡಹಿಂಗ್ಲಜದ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹಿಂದಿನಿಂದ ಹೀಗೇ ನಡೆದು ಬಂದಿದೆ ಎನ್ನುತ್ತಾರೆ.

ಈ ಸೀಮೆಯೆಲ್ಲ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಪನ್ಹಾಳಾ ಕೋಟೆ 1659ರಲ್ಲಿ ಶಿವಾಜಿಯ ಕೈಸೇರುವವರೆಗೂ ಇಲ್ಲಿಯ ಕಂದಾಯ ಹೋಗುತ್ತಿದ್ದುದು ಮೂಡಣಕ್ಕೆ, ವಿಜಾಪುರಕ್ಕೆ. ಆ ಗಾದಿಯ ಮೇಲೆ 1580ರಿಂದ 1627ರವರೆಗೆ ಕುಳಿತಿದ್ದ ಎರಡನೆಯ ಇಬ್ರಾಹಿಂ ಆದಿಲ್ ಶಹಾನನ್ನು ಜನ ಜಗದ್ಗುರು ಎಂದು ಕರೆದರು. ಗಣಪತಿ ತನ್ನ ತಂದೆ, ಸರಸ್ವತಿ ತನ್ನ ತಾಯಿ ಎಂದು ಅವನು ಹೇಳಿಕೊಂಡಿದ್ದನೆಂಬ ಮಾತನ್ನು ಈ ಭಾಗದವರು ಕೇಳಿದರೆ ತಲೆದೂಗಿ ಸುಮ್ಮನಾಗುತ್ತಾರೆ. ಜನ ಒಪ್ಪುವುದು ಬೇರೆ, ಪುರಾವೆ ಸಿಗುವುದು ಬೇರೆ. ಪುರಾವೆ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ತುಂಡುತುಂಡಾಗಿ. ಒಬ್ಬರಿಗೆ ಹಾಡು ಸಿಕ್ಕಿತು, ಮತ್ತೊಬ್ಬರಿಗೆ ಚಿತ್ರಗಾರ ಸಿಕ್ಕಿದ, ಇನ್ನೊಂದು ಕಡೆ ಗೋರಿಯ ಬಾಗಿಲ ಮೇಲಿನ ಬರಹವನ್ನು ಓದಿದರು. ಒಟ್ಟಿಗೆ ಇಟ್ಟು ನೋಡಿದರೆ ಈ ತುಂಡುಗಳೆಲ್ಲ ತಾಯಿಯ ಕಡೆಗೇ ಬೆರಳು ಮಾಡುತ್ತವೆ.

ಇಸ್ಲಾಮಿನ ಕಲೆಯಲ್ಲಿ ತಾಯಿಯನ್ನು ಎಲ್ಲಿ ಹುಡುಕಬೇಕು? ಮೂರ್ತಿ ಮಾಡುವ ಪದ್ಧತಿ ಅಲ್ಲಿಲ್ಲ. ತಾಯಿಗೆ ಸಲ್ಲುವ ಗೌರವ ಅಲ್ಲಿ ಅಕ್ಷರದಲ್ಲಿ ಕಾಣಿಸುತ್ತದೆ. ಮುಸ್ಲಿಮರ ಮನೆಗಳಲ್ಲಿ ಗೋಡೆಗೆ ಹಾಕಿದ ಚೌಕಟ್ಟುಗಳಲ್ಲಿ, ಕಪ್ಪು ಮಖಮಲ್ಲಿನ ಮೇಲಿನ ಬಂಗಾರದ ಬಣ್ಣದ ಬರಹಗಳಲ್ಲಿ, ಸ್ವರ್ಗ ತಾಯಂದಿರ ಪಾದದಡಿ ಇದೆ ಎಂಬ ಪ್ರಸಿದ್ಧ ಮಾತು ಇರುವುದುಂಟು. ಈ ಮಾತಿನ ಹಿಂದೆ ಒಂದು ಪ್ರಸಂಗವಿದೆ. ಯುದ್ಧಕ್ಕೆ ಹೊರಡಲು ಅಪ್ಪಣೆ ಕೇಳಲು ಬಂದವನನ್ನು ಪ್ರವಾದಿಯವರು, ನಿನ್ನ ತಾಯಿ ಇದ್ದಾಳೆಯೇ ಎಂದು ವಿಚಾರಿಸಿದರು. ಇದ್ದಾಳೆ ಅಂದ. ಹಾಗಾದರೆ ಅವಳ ಬಳಿಯೇ ಇರು, ಸ್ವರ್ಗ ಅವಳ ಪಾದದ ಬಳಿ ಇದೆ ಎಂದು ಹೇಳಿ ಕಳಿಸಿದರು. ನಸಾಯಿಯ ಹದೀಸ್ ಸಂಗ್ರಹದಲ್ಲಿ ಇದು ದಾಖಲಾಗಿದೆ. ಕುರಾನಿನ 31ನೆಯ ಅಧ್ಯಾಯವಾದ ಲುಕ್ಮಾನ್ ತಾಯಿ ಬಸಿರು ಹೊತ್ತು ಪಡುವ ಬಳಲಿಕೆಯನ್ನು ನೆನೆದು, ದೇವರಿಗೂ ತಂದೆತಾಯಿಗೂ ಕೃತಜ್ಞನಾಗಿರು ಎಂದು ಹೇಳುತ್ತದೆ. ಮುಖ ಬರೆಯದೆ ಮಾತು ಬರೆದು ಗೌರವಿಸುವ ಈ ಪರಂಪರೆಯಲ್ಲಿ ಬೆಳೆದ ಒಂದು ಆಸ್ಥಾನ, ತಾಯಿಯ ಹೆಸರಿನಲ್ಲಿ ದೇವಿಯ ಮುಖವನ್ನೇ ಬರೆಸಿತು.

ಹಾಡಿನಿಂದಲೇ ಶುರುಮಾಡೋಣ. ಇಬ್ರಾಹಿಂ ಸ್ವತಃ ಪದ ಕಟ್ಟುತ್ತಿದ್ದ, ತಂಬೂರ ಬಾರಿಸುತ್ತಿದ್ದ. ಆ ತಂಬೂರಕ್ಕೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಅವನ ಪದಗಳ ಸಂಗ್ರಹ ‘ಕಿತಾಬ್-ಎ-ನೌರಸ್’. 59 ಪದ, 17 ದೋಹೆ, ರಾಗಗಳ ಹೆಸರಿನಡಿ ಜೋಡಿಸಿದ ದಖನಿ ಭಾಷೆಯ ಪುಸ್ತಕ ಅದು. ಇದರ ಹೆಸರು ಎಲ್ಲರಿಗೂ ಗೊತ್ತಿತ್ತು, ಆದರೆ ಒಪ್ಪವಾದ ಪಠ್ಯವನ್ನು ಕೈಗೆ ಕೊಟ್ಟವರು ಪರ್ಷಿಯನ್ ವಿದ್ವಾಂಸ ನಜೀರ್ ಅಹ್ಮದ್. ಮುಂದೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಹೆಸರುವಾಸಿ ಪ್ರಾಧ್ಯಾಪಕರಾದ ಅವರು ಹಸ್ತಪ್ರತಿಗಳನ್ನು ತಾಳೆ ನೋಡಿ 1956ರಲ್ಲಿ ಈ ಪುಸ್ತಕವನ್ನು ಸಂಪಾದಿಸಿ ಹೊರತಂದರು.

ಅದರಲ್ಲಿ ಒಂದು ಪದ ರಾಜನ ರೂಪವನ್ನೇ ವರ್ಣಿಸುತ್ತದೆ. ಒಂದು ಕೈಯಲ್ಲಿ ವಾದ್ಯ, ಇನ್ನೊಂದು ಕೈಯಲ್ಲಿ ಪುಸ್ತಕ, ಮೈಮೇಲೆ ಕೇಸರಿ ಬಟ್ಟೆ, ಕೊರಳಲ್ಲಿ ಸ್ಫಟಿಕದ ಮಾಲೆ, ಏರಲು ಆನೆ, ಆಳಲು ವಿದ್ಯಾಪುರ. ವಿಜಾಪುರಕ್ಕೆ ಅವನು ಇಟ್ಟುಕೊಂಡ ಹೆಸರು ವಿದ್ಯಾಪುರ. ಅದೇ ಪದದಲ್ಲಿ ಅವನ ತಂದೆ ಗಣಪತಿ, ತಾಯಿ ಸರಸ್ವತಿ ಎಂಬ ಮಾತೂ ಬರುತ್ತದೆ. ಪುಸ್ತಕದ ಉದ್ದಕ್ಕೂ ಸರಸ್ವತಿಯ ಸ್ತುತಿ ಮತ್ತೆಮತ್ತೆ ಕಾಣುತ್ತದೆ, ಗುಲ್ಬರ್ಗಾದ ಬಂದೇನವಾಜರ ಸ್ತುತಿಯೂ ಕಾಣುತ್ತದೆ. ಎರಡನ್ನೂ ಹಾಡಿದ ಕೊರಳು ಒಂದೇ.

ಒಬ್ಬ ರಾಜ ಹಾಡಿನಲ್ಲಿ ಏನಾದರೂ ಹೇಳಿಕೊಳ್ಳಬಹುದು, ಅದು ಕವಿಯ ಸಲಿಗೆ ಎನ್ನುವವರಿದ್ದರು. ಆ ಮಾತಿಗೆ ಉತ್ತರ ಕೊಟ್ಟದ್ದು ಸರಸ್ವತಿಯ ಒಂದು ಚಿತ್ರ. ಆದರೆ ಅದಕ್ಕೂ ಮೊದಲು ಆ ಚಿತ್ರಗಾರ ಯಾರೆಂಬುದು ತೀರ್ಮಾನವಾಗಬೇಕಿತ್ತು. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಮೊಗಲ್ ದಾಖಲೆಗಳಲ್ಲಿ ಫರ್ರುಖ್ ಬೇಗ್ ಎಂಬ ಚಿತ್ರಗಾರನಿದ್ದಾನೆ. ಇರಾನಿನ ಕಡೆ ಕಲಿತವನು. ಕಾಬೂಲಿನಲ್ಲಿ ಅಕ್ಬರನ ಮಲತಮ್ಮ ಮಿರ್ಜಾ ಹಕೀಮನ ಬಳಿ ಇದ್ದ. ಹಕೀಮ್ ತೀರಿಕೊಂಡ ಮೇಲೆ, 1585ರಲ್ಲಿ, ಅಕ್ಬರನ ಆಸ್ಥಾನ ಸೇರಿದ. ಕೆಲವು ವರ್ಷ ಅವನ ಕೆಲಸ ಅಲ್ಲಿಯ ಪುಸ್ತಕಗಳಲ್ಲಿ ಕಾಣುತ್ತದೆ. ಆಮೇಲೆ ಮಾಯ. ಮತ್ತೆ ಅವನ ಸುದ್ದಿ ಬರುವುದು 1609ರಲ್ಲಿ, ಜಹಾಂಗೀರನ ಆತ್ಮಕಥೆಯಲ್ಲಿ. ಈ ಕಾಲದಲ್ಲಿ ಇವನಿಗೆ ಸಾಟಿಯಿಲ್ಲ ಎಂದು ಹೊಗಳಿ ಬಾದಶಹ 2000 ರೂಪಾಯಿ ಇನಾಮು ಕೊಟ್ಟಿದ್ದಾನೆ. ನಡುವಿನ ವರ್ಷಗಳಲ್ಲಿ ಈ ಮನುಷ್ಯ ಎಲ್ಲಿದ್ದ?

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ರಾಬರ್ಟ್ ಸ್ಕೆಲ್ಟನ್ ಎಂಬ, ಇನ್ನೂ ಮೂವತ್ತು ದಾಟದ ತರುಣ ಈ ಪ್ರಶ್ನೆಯ ಬೆನ್ನು ಹತ್ತಿದ. ಅವನಿಗಿದ್ದ ಸಾಧನ ಕಣ್ಣು ಮಾತ್ರ. ಬೇರೆಬೇರೆ ದೇಶಗಳ ಸಂಗ್ರಹಗಳಲ್ಲಿ ಚೆದುರಿಹೋಗಿದ್ದ ಚಿತ್ರಗಳಲ್ಲಿ ಗಿಡದ ಎಲೆ ಹೇಗೆ ಬಿಡಿಸಿದ್ದಾರೆ, ಬಟ್ಟೆಯ ಮಡಿಕೆ ಹೇಗೆ ಬೀಳುತ್ತದೆ, ಯಾವ ಬಣ್ಣದ ಪಕ್ಕ ಯಾವ ಬಣ್ಣವಿದೆ ಎಂದು ಹೋಲಿಸುತ್ತ ಹೋದ. ವಿಜಾಪುರದ ಕೆಲವು ಚಿತ್ರಗಳಲ್ಲಿ ಅದೇ ಕೈ ಕಂಡಿತು. ಫರ್ರುಖ್ ಬೇಗ್ ಆ ನಡುವಿನ ವರ್ಷಗಳನ್ನು ಇಬ್ರಾಹಿಮನ ಆಸ್ಥಾನದಲ್ಲಿ ಕಳೆದ ಎಂದು 1957ರಲ್ಲಿ ‘ಆರ್ಸ್ ಓರಿಯೆಂಟಾಲಿಸ್’ ಪತ್ರಿಕೆಯಲ್ಲಿ ಬರೆದ.

ಇದಕ್ಕೆ ಒಂದೇ ವರ್ಷ ಮೊದಲು ನಜೀರ್ ಅಹ್ಮದ್ ಬೇರೊಂದು ದಾರಿಯಿಂದ ಅದೇ ಆಸ್ಥಾನಕ್ಕೆ ಬಂದಿದ್ದರು. ಇಬ್ರಾಹಿಮನ ಆಸ್ಥಾನಕವಿ ಜುಹೂರಿ ತನ್ನ ಪರ್ಷಿಯನ್ ಗದ್ಯದಲ್ಲಿ ಫರ್ರುಖ್ ಹುಸೇನ್ ಎಂಬ ಚಿತ್ರಗಾರನನ್ನು ಹೊಗಳಿದ್ದಾನೆ. ಅದನ್ನು ಆಧರಿಸಿ ಈ ಆಸ್ಥಾನ ಚಿತ್ರಗಾರನ ಮೇಲೆ ಹೈದರಾಬಾದಿನ ‘ಇಸ್ಲಾಮಿಕ್ ಕಲ್ಚರ್’ ಪತ್ರಿಕೆಯಲ್ಲಿ 1956ರಲ್ಲಿ ನಜೀರ್ ಅಹ್ಮದ್ ಒಂದು ಲೇಖನ ಬರೆದಿದ್ದರು. ಒಬ್ಬರು ಓದಿ ಕಂಡುಕೊಂಡರು, ಇನ್ನೊಬ್ಬರು ನೋಡಿ ಕಂಡುಕೊಂಡರು. ಉತ್ತರದ ಫರ್ರುಖ್ ಬೇಗನೂ ವಿಜಾಪುರದ ಫರ್ರುಖ್ ಹುಸೇನನೂ ಒಬ್ಬನೇ ಎಂಬ ಮಾತು ಕೂಡಲೇ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಹೆಸರು ಬೇರೆಯಲ್ಲ, ಬಿರುದು ಬೇರೆ ಎಂದು ಒಂದು ಪಕ್ಷ, ಇಬ್ಬರು ಬೇರೆ ಎಂದು ಇನ್ನೊಂದು. ವಾದ ದಶಕಗಳ ಕಾಲ ನಡೆಯಿತು. ಇವತ್ತು ಹೆಚ್ಚಿನ ವಿದ್ವಾಂಸರು ಒಬ್ಬನೇ ಎನ್ನುತ್ತಾರೆ.

ಪ್ರಾಗ್ ನಗರದ ನಾಪ್ರಸ್ಟೆಕ್ ಮ್ಯೂಸಿಯಮ್ಮಿನಲ್ಲಿರುವ ಒಂದು ಚಿತ್ರ ಈ ವಾದಕ್ಕೆ ದೊಡ್ಡ ಬಲ ಕೊಟ್ಟಿತು. ಇಬ್ರಾಹಿಂ ಕುಳಿತು ತಂಬೂರ ನುಡಿಸುತ್ತಿದ್ದಾನೆ. ಇದು ಫರ್ರುಖ್ ಬೇಗನ ಕೆಲಸ, ಚಿತ್ರದಲ್ಲಿರುವವನು ವಿಜಾಪುರದ ದೊರೆ, ದಖನಿ ಸಂಗೀತದಲ್ಲಿ ಗಟ್ಟಿಗ ಎಂಬ ಅರ್ಥದ ಬರಹ ಅದರ ಮೇಲಿದೆ. ಬರೆದದ್ದು ಮೊಗಲ್ ಆಸ್ಥಾನದ ಹೆಸರಾಂತ ಲಿಪಿಕಾರ. ರಾಜನನ್ನು ಹತ್ತಿರದಿಂದ ಕಂಡವನಲ್ಲದೆ ಇನ್ನಾರು ದೆಹಲಿ-ಆಗ್ರಾದ ಕಡೆ ಕುಳಿತು ಅವನ ತಂಬೂರವನ್ನು ಹಾಗೆ ಬಿಡಿಸಿಯಾರು?

ಸರಸ್ವತಿಯ ಚಿತ್ರಕ್ಕೆ ಇಷ್ಟೊಂದು ತೂಕ ಬಂದದ್ದು ಇದೇ ವಾದದಿಂದ. ಅದರ ಮೇಲೆ ಫರ್ರುಖ್ ಹುಸೇನನ ಹೆಸರಿದೆ. ಬರೆದ ಕಾಲ ಸುಮಾರು 1604. ದೇವಿ ಸಿಂಹಾಸನದ ಮೇಲೆ ಕುಳಿತಿದ್ದಾಳೆ, ಕೈಯಲ್ಲಿ ವೀಣೆ. ನಮ್ಮ ಕ್ಯಾಲೆಂಡರಿನ ಸರಸ್ವತಿಯಲ್ಲ ಇವಳು. ಕೂತ ಪೀಠ, ಅದರ ಮೇಲಿನ ಹೂಬಳ್ಳಿ, ಬಟ್ಟೆಯ ನಾಜೂಕು ಎಲ್ಲ ಇರಾನಿನ ಕುಂಚದವು. ಚಿತ್ರದಲ್ಲೇ ಪರ್ಷಿಯನ್ ಲಿಪಿಯ ಒಂದು ಬರಹ ಇದೆ: ಇಬ್ರಾಹಿಮನ ತಂದೆ ಗುರು ಗಣಪತಿ, ತಾಯಿ ಪವಿತ್ರೆ ಸರಸ್ವತಿ ಎಂಬ ಅರ್ಥದ್ದು. ಹಾಡಿನ ಮಾತೇ ಇಲ್ಲಿ ಬಣ್ಣಕ್ಕೆ ಇಳಿದಿದೆ. ಇರಾನಿನಿಂದ ಬಂದ, ಅಷ್ಟುಹೊತ್ತಿಗೆ ಮುಪ್ಪಿನತ್ತ ಸಾಗಿದ್ದ ಮುಸಲ್ಮಾನ ಚಿತ್ರಗಾರನೊಬ್ಬ ತನ್ನ ಒಡೆಯನ ತಾಯಿಯೆಂದು ಸರಸ್ವತಿಯನ್ನು ಕೂರಿಸಿ, ಕೆಳಗೆ ತನ್ನ ಹೆಸರು ಹಾಕಿದ. ಹಾಡು ಬರೀ ಕವಿಯ ಸಲಿಗೆ ಎಂಬ ವಾದ ಅಲ್ಲಿಗೆ ಮುಗಿಯಿತು. ಆಸ್ಥಾನಕ್ಕೆ ಆಸ್ಥಾನವೇ ಆ ಮಾತನ್ನು ಒಪ್ಪಿತ್ತು.

ಇದನ್ನು ಮತಾಂತರದ ಕತೆಯಾಗಿ ಓದುವುದು ತಪ್ಪು ಎಂದು ನನ್ನ ಅಭಿಪ್ರಾಯ. ಇಬ್ರಾಹಿಂ ಮಸೀದಿ ಕಟ್ಟಿಸಿದವನು. ಅವನ ನಾಣ್ಯದ ಒಂದು ಮಗ್ಗುಲಲ್ಲಿ ಅವನು ಹಜರತ್ ಅಲಿಯ ದಾಸ ಎಂದಿದೆ, ಇನ್ನೊಂದು ಮಗ್ಗುಲಲ್ಲಿ ಅದೇ ಪರ್ಷಿಯನ್ ಲಿಪಿಯಲ್ಲಿ ಅವನ ಬಿರುದು ‘ಅಬಲಾ ಬಲಿ’ ಎಂದಿದೆ. ನಾಣ್ಯಶಾಸ್ತ್ರಜ್ಞರು ಇದನ್ನು ಬಲವಿಲ್ಲದವರಿಗೆ ಬಲವಾದವನು ಎಂದು ಓದುತ್ತಾರೆ. ಸಂಗೀತಗಾರನಿಗೆ ಸರಸ್ವತಿ ತಾಯಿ ಎನ್ನುವುದು ನಮ್ಮಲ್ಲಿ ಜಾತಿಮತ ಕೇಳಿ ಬರುವ ಭಾವನೆಯಲ್ಲ. ಅಲ್ಲಾದಿಯಾ ಖಾನ್ ಸಾಹೇಬರು ಶಾಹು ಮಹಾರಾಜರ ಆಸ್ಥಾನದಲ್ಲಿ ಹಾಡಿದ ಕೊಲ್ಹಾಪುರಕ್ಕೆ, ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಅವರಿಂದ ಮಲ್ಲಿಕಾರ್ಜುನ ಮನಸೂರರು ಗಾಯಕಿ ಪಡೆದ ನಮ್ಮ ನಾಡಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಡಿನ ತಾಯಿ ಸಿಕ್ಕಳು. ಹೆತ್ತ ತಾಯಿ?

ಇಬ್ರಾಹಿಂ ಗಾದಿಗೆ ಬಂದಾಗ ಒಂಬತ್ತು ವರ್ಷದ ಹುಡುಗ. ಆಸ್ಥಾನದ ಸರದಾರರ ರಾಜಕೀಯದಲ್ಲಿ ಅವನನ್ನು ಕಾಪಾಡಿದವಳು ಮೊದಲನೆಯ ಅಲಿ ಆದಿಲ್ ಶಹಾನ ವಿಧವೆ ಚಾಂದಬೀಬಿ. ಅದಕ್ಕಾಗಿ ಅವಳು ಪಟ್ಟ ಪಾಡು ಕಡಿಮೆಯಲ್ಲ. ಕಿಶ್ವರ್ ಖಾನನೆಂಬ ಸರದಾರ ಅವಳನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟಿದ್ದ. ಕತೆ-ಲಾವಣಿಗಳಲ್ಲಿ ಚಾಂದಬೀಬಿಗೆ ಜಾಗ ಸಿಕ್ಕಿತು, ಅದು ನ್ಯಾಯವೇ. ಹೆತ್ತವಳ ಹೆಸರನ್ನು ಮಾತ್ರ ಜನ ಮರೆತರು. ಆ ಹೆಸರು ಉಳಿದದ್ದು ವಿಜಾಪುರದ ಇಬ್ರಾಹಿಂ ರೋಜಾ ಎಂಬ ಗೋರಿಕಟ್ಟಡದೊಳಗೆ.

ರೋಜಾದ ಬಗ್ಗೆ ಗೈಡುಗಳು ಹೇಳುವ ಕತೆ ನಿಮಗೂ ಗೊತ್ತಿರಬಹುದು: ರಾಜ ತನ್ನ ಪ್ರೀತಿಯ ರಾಣಿಗಾಗಿ ಕಟ್ಟಿಸಿದ, ಕೊನೆಗೆ ತಾನೇ ಮೊದಲು ಮಲಗಿದ. ಗೋಡೆ ಬೇರೆ ಮಾತು ಹೇಳುತ್ತದೆ. ಬಾಗಿಲ ಮೇಲಿನ ಪರ್ಷಿಯನ್ ಬರಹಗಳನ್ನು ಓದಿ ಅಚ್ಚುಹಾಕಿಸಿದವರಲ್ಲಿ ಹೆನ್ರಿ ಕಸಿನ್ಸ್ ಮುಖ್ಯ, ವಿಜಾಪುರದ ಕಟ್ಟಡಗಳ ಮೇಲೆ ಅವರ ದೊಡ್ಡ ಗ್ರಂಥ 1916ರಲ್ಲಿ ಬಂತು. ಅವರ ತರುವಾಯ ಎಂ. ನಾಜಿಮ್ ಊರಿನ ಅರಬ್ಬಿ-ಪರ್ಷಿಯನ್ ಶಾಸನಗಳನ್ನೆಲ್ಲ ಸೇರಿಸಿ 1936ರಲ್ಲಿ ಪುರಾತತ್ವ ಇಲಾಖೆಯ ಮಾಲೆಯಲ್ಲಿ ಪುಸ್ತಕ ಮಾಡಿದರು. ಆ ಬರಹದ ಪ್ರಕಾರ ಈ ರೋಜಾ ಕಟ್ಟಲು ಅಪ್ಪಣೆ ಕೊಟ್ಟವಳೇ ತಾಜ್ ಸುಲ್ತಾನ್, ರಾಜನ ರಾಣಿ. ಕೆಲಸ ಪೂರೈಸಿದವನು ಮಲಿಕ್ ಸಂದಲ್. ಖರ್ಚು ಒಂದೂವರೆ ಲಕ್ಷ ಹೊನ್ನು, ಮೇಲೆ 900.

ಅವಳು ತೀರಿಕೊಂಡ ವರ್ಷವನ್ನು ಬರಹ ಅಂಕೆಯಲ್ಲಿ ಹೇಳುವುದಿಲ್ಲ, ಅಕ್ಷರಗಳಲ್ಲಿ ಅಡಗಿಸಿಟ್ಟಿದೆ. ಅರಬ್ಬಿ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ ಉಂಟು. ಶಾಸನ ಕೊಡುವ ಮಾತು ‘ಅಹಲ್-ಎ-ಜನ್ನತ್ ತಾಜ್ ಸುಲ್ತಾನ್’, ಅಂದರೆ ಸ್ವರ್ಗ ಸೇರಿದ ತಾಜ್ ಸುಲ್ತಾನ್. ಒಂದು ಹಾಳೆ ತೆಗೆದುಕೊಂಡು ಕೂಡಿ ನೋಡಿ. ‘ಅಹಲ್’ನಲ್ಲಿ ಅಲಿಫ್ 1, ಹೇ 5, ಲಾಮ್ 30, ಕೂಡಿದರೆ 36. ‘ಜನ್ನತ್’ನಲ್ಲಿ ಜೀಮ್ 3, ನೂನ್ 50, ತೇ 400, ಒಟ್ಟು 453. ‘ತಾಜ್’ನಲ್ಲಿ ತೇ 400, ಅಲಿಫ್ 1, ಜೀಮ್ 3, ಒಟ್ಟು 404. ‘ಸುಲ್ತಾನ್’ನಲ್ಲಿ ಸೀನ್ 60, ಲಾಮ್ 30, ತೋಯ್ 9, ಅಲಿಫ್ 1, ನೂನ್ 50, ಒಟ್ಟು 150. ಎಲ್ಲ ಸೇರಿ 1043. ಹಿಜರಿ 1043 ಎಂದರೆ ಕ್ರಿ.ಶ. 1633-34. ರಾಜ ಸತ್ತದ್ದು 1627ರಲ್ಲಿ. ರಾಣಿ ಅವನ ನಂತರವೂ ಬದುಕಿದ್ದಳು. ಸತ್ತ ಹೆಂಡತಿಗೆ ಗಂಡ ಕಟ್ಟಿಸಿದ ಗೋರಿ ಇದಲ್ಲ ಎಂದು ನಾಲ್ಕು ಪದಗಳ ಲೆಕ್ಕ ಹೀಗೆ ಹೇಳುತ್ತದೆ.

ಒಳಗೆ ಆರು ಗೋರಿಗಳು ಒಂದೇ ಸಾಲಿನಲ್ಲಿವೆ. ಪೂರ್ವದಿಂದ ಎಣಿಸಿದರೆ ಮೊದಲನೆಯದು ತಾಜ್ ಸುಲ್ತಾನಳದು. ಮೂರನೆಯದು ರಾಜನದು. ನಾಲ್ಕನೆಯದು ಮಗಳು ಜೋಹ್ರಾ ಸುಲ್ತಾನಳದು, ಆಮೇಲಿನವು ಮಕ್ಕಳಾದ ದರ್ವೇಶ್ ಪಾದಶಾ ಮತ್ತು ಸುಲೇಮಾನರವು. ರಾಣಿಗೂ ರಾಜನಿಗೂ ನಡುವೆ, ಎರಡನೆಯದಾಗಿ ಮಲಗಿರುವವಳು ಹಾಜಿ ಬಡೀ ಸಾಹಿಬಾ, ರಾಜನ ತಾಯಿ. ಒಂದು ಮಗ್ಗುಲಲ್ಲಿ ಹೆತ್ತವಳು, ಇನ್ನೊಂದು ಮಗ್ಗುಲಲ್ಲಿ ಮಗಳು, ನಡುವೆ ಇಬ್ರಾಹಿಂ. ಸೊಸೆ ಅಪ್ಪಣೆ ಕೊಟ್ಟು ಕಟ್ಟಿಸಿದ ಕಟ್ಟಡದಲ್ಲಿ ಮಗನ ಮಗ್ಗುಲು ಅತ್ತೆಗೆ ಸಿಕ್ಕಿತು. ಈ ಸಾಲನ್ನು ನಾನು ಶಾಸನದಷ್ಟೇ ಸ್ಪಷ್ಟವಾದ ಬರಹವೆಂದು ಓದುತ್ತೇನೆ. ಆ ಮನೆಯಲ್ಲಿ ತಾಯಿಯ ಸ್ಥಾನ ಯಾವುದೆಂದು ಅದು ಹೇಳುತ್ತಿದೆ.

ಆ ಗೋರಿಗಳ ಸುತ್ತ ಏನಿದೆ ನೋಡಿ. ಹೊರಗೋಡೆಯ ಕಲ್ಲೆಲ್ಲ ಕುರಾನಿನ ಅಕ್ಷರ, ಹೂಬಳ್ಳಿ, ಜಾಲಿ. ಕಿಟಕಿಯ ಜಾಲಂಧ್ರಗಳನ್ನು ಬರೀ ಗೆರೆಗಳಿಂದ ಕೊರೆದಿಲ್ಲ, ಅರಬ್ಬಿ ಅಕ್ಷರಗಳನ್ನೇ ಹೆಣೆದು ಮಾಡಿದ್ದಾರೆ. ಕಲ್ಲು ಉಳಿದ ಕಡೆ ಅಕ್ಷರ, ಕಲ್ಲು ತೆಗೆದ ಕಡೆ ಬೆಳಕು. ಹೊತ್ತೇರಿದಂತೆ ಆ ಅಕ್ಷರಗಳ ಸಂದಿಯಿಂದ ಬಿಸಿಲು ಒಳಗೆ ಬರುತ್ತದೆ. ಒಳಗಿನ ಚಪ್ಪಟೆ ಕಲ್ಲುಚಾವಣಿ ಕಂಬದ ಆಸರೆಯಿಲ್ಲದೆ ನಿಂತಿದೆ, ಇಂಜಿನಿಯರುಗಳು ಇವತ್ತಿಗೂ ಅದನ್ನು ನೋಡಲು ಬರುತ್ತಾರೆ. ಇಲ್ಲಿ ಮಲಗಿರುವ ರಾಜನೇ ಸರಸ್ವತಿಯ ಕೈಗೆ ವೀಣೆ ಕೊಡಿಸಿದವನು. ಅವನ ಹೆತ್ತ ತಾಯಿಗೆ ಕುರಾನಿನ ಅಕ್ಷರಗಳ ನೆರಳು, ಹಾಡಿನ ತಾಯಿಗೆ ಬಣ್ಣದ ಸಿಂಹಾಸನ.

ತಾಯಿಯ ಹೆಸರಿನ ಕಟ್ಟಡ ಎಂದರೆ ಮಹಾರಾಷ್ಟ್ರದವರಿಗೆ ನೆನಪಾಗುವುದು ಔರಂಗಾಬಾದಿನ ಬೀಬಿ ಕಾ ಮಕ್ಬರಾ. ಮಗ ಆಜಂ ಶಹಾ ತನ್ನ ತಾಯಿ ದಿಲ್‌ರಸ್ ಬಾನುವಿಗಾಗಿ ಕಟ್ಟಿಸಿದ ಎಂಬ ಮಾತು ಜನಪ್ರಿಯ. ಅವಳು ತೀರಿಕೊಂಡದ್ದು 1657ರಲ್ಲಿ, ಆಗ ಆಜಮನಿಗೆ ನಾಲ್ಕು ವರ್ಷ. ಹಾಗಾಗಿ ಅಪ್ಪಣೆ ತಂದೆ ಔರಂಗಜೇಬನದೇ ಇರಬೇಕೆಂದು ಅನೇಕ ಇತಿಹಾಸಕಾರರ ಮತ. ಅಲ್ಲಿಯೂ ಕತೆ ಒಂದು, ಲೆಕ್ಕ ಇನ್ನೊಂದು. ಇಂಥ ಕಡೆ ಕತೆಯನ್ನು ಬಿಡಬೇಕೆಂದಲ್ಲ. ಮಗ ತಾಯಿಗೆ ಕಟ್ಟಿಸಿದ ಎಂದು ಜನ ನಂಬಲು ಬಯಸಿದರಲ್ಲ, ಅದೂ ಗಮನಿಸಬೇಕಾದ ಸಂಗತಿಯೇ.

ವಿಜಾಪುರದ ಸಂಗತಿಯಲ್ಲಿ ನನ್ನ ಅಸಮಾಧಾನ ಒಂದೇ. ಹಾಡನ್ನು ಸಾಹಿತ್ಯದವರು ಓದಿದರು, ಚಿತ್ರವನ್ನು ಚಿತ್ರಕಲೆಯವರು ಓದಿದರು, ಗೋರಿಯ ಬರಹವನ್ನು ಶಾಸನದವರು ಓದಿದರು. ಮೂರನ್ನೂ ಒಂದೇ ಮನೆಯ ಕಾಗದಪತ್ರಗಳಂತೆ ಒಟ್ಟಿಗೆ ಬಿಡಿಸಿ ಕನ್ನಡದ ಓದುಗನ ಮುಂದೆ ಇಡುವ ಕೆಲಸ ಇನ್ನೂ ಆಗಬೇಕು. ನಜೀರ್ ಅಹ್ಮದ್, ಸ್ಕೆಲ್ಟನ್, ಕಸಿನ್ಸ್, ನಾಜಿಮ್ ಇವರು ಈ ಬಗ್ಗೆ ಬರೆದದ್ದು ಇಂಗ್ಲಿಷಿನಲ್ಲಿದೆ. ವಿಜಾಪುರದ ಶಾಲೆಯ ಮಗುವಿಗೆ, ಕೊಲ್ಹಾಪುರ ಜಿಲ್ಲೆಯ ಕನ್ನಡ ಶಾಲೆಯ ಮಗುವಿಗೆ, ಅದರ ಸಾರವಾದರೂ ಕನ್ನಡದಲ್ಲಿ ಸಿಗಬೇಕು. ಬಾಬೂಜಮಾಲ್ ದರ್ಗಾದ ಗಣಪತಿಯನ್ನು ದಿನವೂ ನೋಡುವ ಮಗುವಿಗೆ ಅದು ಪರಕೀಯ ಪಾಠ ಅನಿಸುವುದಿಲ್ಲ.

ಗಡಹಿಂಗ್ಲಜ, ಇಚಲಕರಂಜಿ ಕಡೆಯಿಂದ ವಿಜಾಪುರಕ್ಕೆ ಹೋಗುವವರು ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹಿಂದಿರುಗುವುದೇ ಹೆಚ್ಚು. ಊರಿನ ಪಶ್ಚಿಮ ತುದಿಯಲ್ಲಿರುವ ಇಬ್ರಾಹಿಂ ರೋಜಾಕ್ಕೂ ಹೋಗಿ. ಮಕ್ಕಳು ಜೊತೆಗಿದ್ದರೆ ಪೂರ್ವದಿಂದ ಎರಡನೆಯ ಗೋರಿ ಯಾರದೆಂದು ಅವರಿಗೆ ಹೇಳಿ. ಗೈಡ್ ಅದನ್ನು ಬಿಟ್ಟು ಮುಂದೆ ಹೋದರೆ, ಹಾಜಿ ಬಡೀ ಸಾಹಿಬಾಳ ಹೆಸರನ್ನು ನೀವೇ ಕೇಳಿ ಹೇಳಿಸಿ.